ರೇಷ್ಮೆ ಎಳೆ ಹಿಡಿದು ಗ್ಲೈಸಿನ್ ಕಲಿಸುವ ಬಗೆ

ಮೊಳಕಾಲ್ಮೂರು ಸೀರೆಯ ಒಂದು ರೇಷ್ಮೆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ಆ ಎಳೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹುಳು ಕಟ್ಟಿದ ಸರಪಳಿಗಳ ಕಟ್ಟು. ಎಣಿಸಿ ನೋಡಿದರೆ ಆ ಕೊಂಡಿಗಳಲ್ಲಿ ನೂರಕ್ಕೆ ಸುಮಾರು 45 ಒಂದೇ ಬಗೆಯವು. ಅದೇ ಗ್ಲೈಸಿನ್, ನಮ್ಮ ಮೈಯ ಪ್ರೋಟೀನುಗಳನ್ನು ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಚಿತ್ರದುರ್ಗ ಜಿಲ್ಲೆಯ ಮಕ್ಕಳಿಗೆ ಅಮೈನೋ ಆಮ್ಲವನ್ನು ಮೊದಲ ಸಲ ಹೇಳಿಕೊಡುವಾಗ ಕಪ್ಪುಹಲಗೆಯ ಮೇಲೆ ಸೂತ್ರ ಬರೆದು ಶುರುಮಾಡಬೇಡಿ. ಮೊದಲು ಎಳೆ ಕೈಗೆ ಕೊಡಿ, ಆಮೇಲೆ ಅಣುವಿನ ಮಾದರಿ ಮಾಡಿಸಿ, ಸೂತ್ರ ಕೊನೆಗೆ ಬರಲಿ. ಈ ಕ್ರಮ ಬದಲಾದರೆ ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಅದು ಯಾವುದರ ಸೂತ್ರ ಎಂಬುದೇ ಮನಸ್ಸಿಗೆ ಇಳಿಯುವುದಿಲ್ಲ.

ಎಂಟರಿಂದ ಹತ್ತನೇ ತರಗತಿಯವರಿಗೆ ಇದು ಹೊಂದುತ್ತದೆ. 40 ನಿಮಿಷದ ಮೂರು ಪೀರಿಯಡ್ ಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ದಿನ ಬಿಡಿ, ಮಾದರಿಯ ಹಿಟ್ಟು ಒಣಗಬೇಕು.

ಮೊದಲು ಕೂಡಿಸಿಕೊಳ್ಳಬೇಕಾದ್ದು

ನೇಕಾರರ ಮನೆಯಲ್ಲಿ ಮಗ್ಗದಿಂದ ಕತ್ತರಿಸಿ ಹಾಕಿದ ತುಂಡು ರೇಷ್ಮೆ ನೂಲು ಸಿಗುತ್ತದೆ. ಹಾಸಿನದಾದರೂ ಸರಿ, ಹೊಕ್ಕಿನದಾದರೂ ಸರಿ, ಜರಿ ಮಾತ್ರ ಬೇಡ. ಚಳ್ಳಕೆರೆ ಕಡೆಯ ಕಂಬಳಿಯಿಂದ ಒಂದಿಷ್ಟು ಉಣ್ಣೆ ಎಳೆ, ಜೊತೆಗೆ ಹತ್ತಿಯ ಹೊಲಿಗೆ ದಾರ ಇಟ್ಟುಕೊಳ್ಳಿ. ದಾರದ ಉಂಡೆಯ ಮೇಲೆ ಪಾಲಿಯೆಸ್ಟರ್ ಎಂದಿದ್ದರೆ ಅದು ಹತ್ತಿಯಲ್ಲ. ದೀಪದ ಬತ್ತಿಯ ಹತ್ತಿಯನ್ನೇ ಹೊಸೆದುಕೊಂಡರೆ ಮೋಸವಿಲ್ಲ.

ರೇಷ್ಮೆ ಬೆಳೆಯುವವರ ಮನೆಯಿಂದ ಹತ್ತು ಹದಿನೈದು ಗೂಡು ತನ್ನಿ. ಬಿಳಿಯ ದ್ವಿತಳಿ ಗೂಡೇ ಆಗಬೇಕು. ಮಿಶ್ರತಳಿಯ ಹಳದಿ ಗೂಡು ಬೇಯಿಸಿದ ನೀರಿಗೆ ಬಣ್ಣ ಬಿಡುವುದರಿಂದ ಮುಂದೆ ಪ್ರೋಟೀನಿನ ಪರೀಕ್ಷೆಯಲ್ಲಿ ನೇರಳೆ ಬಣ್ಣ ಗುರುತಿಸುವಾಗ ತೊಂದರೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚಾಣಿಕೆಗೆ ಬರುವುದಿಲ್ಲ, ನಮ್ಮ ಕೆಲಸಕ್ಕೆ ಅದೇ ಅನುಕೂಲ. ಒಳಗೆ ಹುಳು ಇರುವ ಗೂಡಾದರೆ ಶಿಕ್ಷಕರೇ ಬ್ಲೇಡಿನಿಂದ ಕೊಯ್ದು ಹುಳುವನ್ನೂ ಅದರ ಪೊರೆಯನ್ನೂ ಪೂರ್ತಿ ತೆಗೆಯಬೇಕು. ಹುಳುವಿನ ಮೈಯೂ ಪ್ರೋಟೀನೇ. ಚೂರು ಉಳಿದರೂ ಪರೀಕ್ಷೆಯಲ್ಲಿ ಕಂಡ ಬಣ್ಣ ರೇಷ್ಮೆಯದೋ ಹುಳುವಿನದೋ ಹೇಳಲಾಗದು.

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಗ್ಲೈಸಿನ್ ಪುಡಿ ಕೇಳುವಾಗ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಗ್ಲಿಸರಿನ್ ಕೈಗೆ ಬರುವ ಸಂಭವ ಹೆಚ್ಚು. ಗ್ಲಿಸರಿನ್ ಪಾಕದಂತೆ ಹರಿಯುವ ದ್ರವ, ಗ್ಲೈಸಿನ್ ಸಕ್ಕರೆಯಂತೆ ಬಿಳಿ ಹರಳು. ಗ್ಲೂಕೋಸ್ ಇನ್ನೂ ಬೇರೆ. ಮೂರೂ ಹೆಸರು ಸಿಹಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದವು, ಅದಕ್ಕೇ ಈ ಗೊಂದಲ. ಗ್ಲೈಸಿನ್ ನಿಜಕ್ಕೂ ಸಿಹಿ, ಆದರೆ ಪ್ರಯೋಗಾಲಯದ ಪುಡಿಯನ್ನು ಯಾರೂ ನಾಲಿಗೆಗೆ ಹಚ್ಚಬಾರದು. ಈ ಮಾತನ್ನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಹೇಳಿ.

ಒಂದನೇ ಪೀರಿಯಡ್: ಎಳೆ ಸುಟ್ಟು ನೋಡುವುದು

ರೇಷ್ಮೆ, ಉಣ್ಣೆ, ಹತ್ತಿ ಮೂರರಿಂದಲೂ 5 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿ. ಸ್ಟೀಲ್ ತಟ್ಟೆಗೆ ಅರ್ಧ ಇಂಚು ನೀರು ಹಾಕಿ, ಅದರ ಮೇಲೆ ಇಕ್ಕಳದಲ್ಲಿ ಎಳೆ ಹಿಡಿದು ಮೇಣದಬತ್ತಿಯ ಉರಿಯನ್ನು ಪಕ್ಕದಿಂದ ಮುಟ್ಟಿಸಿ. ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದಿಡಿ.

ಹತ್ತಿ ಸರಸರ ಹತ್ತಿಕೊಂಡು ಉರಿಯುತ್ತದೆ, ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆ ಹಾಗಲ್ಲ. ಉರಿ ಕಂಡೊಡನೆ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ, ನಿಧಾನವಾಗಿ ಉರಿಯುತ್ತದೆ, ಉರಿ ತೆಗೆದರೆ ತಾನೇ ಆರುವುದೇ ಹೆಚ್ಚು. ತುದಿಯಲ್ಲಿ ಕರೀ ಮಣಿ ಉಳಿಯುತ್ತದೆ. ಆರಿದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ವಾಸನೆ ಕೂದಲು ಸುಟ್ಟಂತೆ. ಉಣ್ಣೆಯೂ ಇದೇ ದಾರಿ ಹಿಡಿಯುತ್ತದೆ, ವಾಸನೆ ಮಾತ್ರ ಇನ್ನೂ ಗಾಟು, ಏಕೆಂದರೆ ಉಣ್ಣೆಯಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೇರಳ.

ರೇಷ್ಮೆ ಎಂದುಕೊಂಡದ್ದು ಹತ್ತಿಯಂತೆ ಉರಿದರೆ ಅದು ಆರ್ಟ್ ಸಿಲ್ಕ್, ಅಂದರೆ ರೇಯಾನ್. ಕರಗಿ ತೊಟ್ಟಿಕ್ಕಿ, ಒತ್ತಿದರೂ ಒಡೆಯದ ಗಟ್ಟಿ ಉಂಡೆ ಆದರೆ ಪಾಲಿಯೆಸ್ಟರ್. ಆ ಕರಗಿದ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ತಟ್ಟೆಯಲ್ಲಿ ನೀರಿಡುವುದು ಇದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರ. ಕೂದಲು ಸುಟ್ಟ ವಾಸನೆ ಹೇಳುವುದು ಇದು ಪ್ರೋಟೀನು ಎಂದಷ್ಟೇ, ಗ್ಲೈಸಿನ್ ಇದೆ ಎಂದಲ್ಲ. ರೇಷ್ಮೆಯನ್ನು ಬಿಡಿ ಅಮೈನೋ ಆಮ್ಲಗಳಾಗಿ ಒಡೆಯಬೇಕಾದರೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 24 ಗಂಟೆ ಇಡಬೇಕು. ಶಾಲೆಯಲ್ಲಿ ಮಾಡುವ ಕೆಲಸವಲ್ಲ ಅದು. 1820ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಇಂಥದ್ದನ್ನೇ ಮಾಡಿದ. ಜೆಲಟಿನ್ನನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದಾಗ ಅವನಿಗೆ ಸಿಹಿಯಾದ ಹರಳು ಸಿಕ್ಕಿತು. ಅದು ಗ್ಲೈಸಿನ್.

ಎರಡನೇ ಪೀರಿಯಡ್: ಹಿಟ್ಟಿನಲ್ಲಿ ಅಣು ಕಟ್ಟುವುದು

ಮಕ್ಕಳನ್ನು ಆರು ಗುಂಪು ಮಾಡಿ. ಮೂರು ಗುಂಪು ಗ್ಲೈಸಿನ್, ಎರಡು ಗುಂಪು ಅಲನಿನ್, ಒಂದು ಗುಂಪು ಸೆರಿನ್ ಕಟ್ಟಲಿ. ಅಲನಿನ್, ಸೆರಿನ್ ಕೂಡ ಅಮೈನೋ ಆಮ್ಲಗಳೇ. ಈ ಲೆಕ್ಕ ಏಕೆ ಎಂಬುದು ಮೂರನೇ ಪೀರಿಯಡ್‌ನಲ್ಲಿ ಗೊತ್ತಾಗುತ್ತದೆ.

ಹಿಟ್ಟಿಗೆ 2 ಲೋಟ ಮೈದಾ, 1 ಲೋಟ ಪುಡಿಯುಪ್ಪು, 2 ಚಮಚ ಎಣ್ಣೆ, ಸುಮಾರು ಮುಕ್ಕಾಲು ಲೋಟ ನೀರು. ನೀರನ್ನು ಒಮ್ಮೆಲೇ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಉಂಡೆ ಕಡ್ಡಿಯ ಮೇಲೆ ಕುಸಿದು ಜಾರುತ್ತದೆ. ನಾದಿದ ಹಿಟ್ಟನ್ನು ನಾಲ್ಕು ಭಾಗ ಮಾಡಿ ಬಣ್ಣ ಕೊಡಿ: ಕಾರ್ಬನ್ನಿಗೆ ಇದ್ದಿಲ ಪುಡಿ, ನೈಟ್ರೋಜನ್ನಿಗೆ ಬಟ್ಟೆಗೆ ಹಾಕುವ ನೀಲಿ, ಆಕ್ಸಿಜನ್ನಿಗೆ ಕೆಮ್ಮಣ್ಣು, ಹೈಡ್ರೋಜನ್ನಿಗೆ ಹಿಟ್ಟಿನ ಬಿಳಿಯೇ ಸಾಕು. ಹೈಡ್ರೋಜನ್ ಉಂಡೆ ಒಂದೂವರೆ ಸೆಂಟಿಮೀಟರ್, ಉಳಿದವು ಎರಡೂವರೆ. ಮಕ್ಕಳ ಅಜ್ಜ ಅಜ್ಜಿಯರು ಇವನ್ನೇ ಇಂಗಾಲ, ಸಾರಜನಕ, ಆಮ್ಲಜನಕ, ಜಲಜನಕ ಎಂದು ಓದಿದವರು. ಆ ಹೆಸರನ್ನೂ ಹೇಳಿಬಿಡಿ, ಮನೆಯಲ್ಲಿ ಮಾತು ಮುಂದುವರಿಯುತ್ತದೆ.

ಒಟ್ಟು ಲೆಕ್ಕ ಹೀಗಿದೆ: ಕಪ್ಪು 15, ಬಿಳಿ 36, ನೀಲಿ 6, ಕೆಂಪು 13. ತೆಂಗಿನ ಕಡ್ಡಿಪೊರಕೆಯಿಂದ 4 ಸೆಂಟಿಮೀಟರ್ ಉದ್ದದ ನೇರ ಕಡ್ಡಿ 58. ಎರಡು ಬಂಧ ಒಟ್ಟಿಗೆ ಇರುವ ಕಡೆಗೆ ಬಾಗಿಸಬಹುದಾದ ತಂತಿ ತುಂಡು 12, ಪ್ರತಿಯೊಂದೂ 5 ಸೆಂಟಿಮೀಟರ್. ಪೊರಕೆ ಹೊಸದೇ ಇರಲಿ. ಹಳೆಯದರ ತುದಿ ಸೀಳಿರುತ್ತದೆ, ಉಂಡೆಯಲ್ಲಿ ಹಿಡಿತ ಸಿಗುವುದಿಲ್ಲ.

ಗ್ಲೈಸಿನ್ ಕಟ್ಟುವುದನ್ನು ಎಲ್ಲ ಗುಂಪೂ ನೋಡಲಿ. ಎರಡು ಕಪ್ಪು ಉಂಡೆಗಳನ್ನು ಒಂದು ಕಡ್ಡಿಯಿಂದ ಜೋಡಿಸಿ. ಮೊದಲ ಕಾರ್ಬನ್ನಿಗೆ ಎರಡು ಹೈಡ್ರೋಜನ್ ಮತ್ತು ಒಂದು ನೈಟ್ರೋಜನ್. ನೈಟ್ರೋಜನ್ನಿಗೆ ಇನ್ನೆರಡು ಹೈಡ್ರೋಜನ್. ಎರಡನೇ ಕಾರ್ಬನ್ನಿಗೆ ಒಂದು ಆಕ್ಸಿಜನ್ನನ್ನು ಎರಡು ತಂತಿಯಿಂದ, ಇನ್ನೊಂದು ಆಕ್ಸಿಜನ್ನನ್ನು ಒಂದು ಕಡ್ಡಿಯಿಂದ ಸೇರಿಸಿ, ಆ ಎರಡನೇ ಆಕ್ಸಿಜನ್ನಿನ ತುದಿಗೆ ಒಂದು ಹೈಡ್ರೋಜನ್ ಚುಚ್ಚಿ. ಮುಗಿದಾಗ 10 ಉಂಡೆ, 8 ನೇರ ಕಡ್ಡಿ, 2 ತಂತಿ ಇರಬೇಕು. ಲೆಕ್ಕ ತಪ್ಪಿದ್ದರೆ ಮುಂದೆ ಹೋಗಬೇಡಿ. ಸಾಮಾನ್ಯವಾಗಿ ತಪ್ಪುವುದು ನೈಟ್ರೋಜನ್ನಿನ ಬಳಿ, ಮಕ್ಕಳು ಅದಕ್ಕೂ ನಾಲ್ಕು ಕಡ್ಡಿ ಚುಚ್ಚುತ್ತಾರೆ. ಕಾರ್ಬನ್ನಿಗೆ ನಾಲ್ಕು, ನೈಟ್ರೋಜನ್ನಿಗೆ ಮೂರು, ಆಕ್ಸಿಜನ್ನಿಗೆ ಎರಡು, ಹೈಡ್ರೋಜನ್ನಿಗೆ ಒಂದು. ಇದನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ.

ಇನ್ನು ಆಕಾರ. ಪುಸ್ತಕದ ಚಿತ್ರ ನೋಡಿ ಮಕ್ಕಳು ಮೊದಲ ಕಾರ್ಬನ್ನಿನ ನಾಲ್ಕು ಕಡ್ಡಿಗಳನ್ನು ರಂಗೋಲಿಯ ಚುಕ್ಕಿಯ ಸುತ್ತ ಎಳೆದ ಹಾಗೆ ಚಪ್ಪಟೆಯಾಗಿ ಚುಚ್ಚುತ್ತಾರೆ. ಅದು ತಪ್ಪು. ಮೂರು ಕಡ್ಡಿ ಮುಕ್ಕಾಲಿಯ ಕಾಲಿನಂತೆ ಕೆಳಗೆ ಹರಡಿರಲಿ, ನಾಲ್ಕನೆಯದು ನೆಟ್ಟಗೆ ಮೇಲಕ್ಕೆ. ಸರಿಯಾಗಿದೆಯೇ ಎಂದು ನೋಡಲು ಉಂಡೆ ಸೇರಿಸುವ ಮೊದಲೇ ತಿರುಗಿಸಿ ತಿರುಗಿಸಿ ಮೇಜಿನ ಮೇಲೆ ಇಡಿ. ಯಾವ ಮೂರು ಕಡ್ಡಿಯ ಮೇಲೆ ನಿಲ್ಲಿಸಿದರೂ ಒಂದೇ ಥರ ಕಾಣಬೇಕು. ಎರಡನೇ ಕಾರ್ಬನ್ ಹಾಗಲ್ಲ, ಅದು ಮೂರು ರೆಕ್ಕೆಯ ಸೀಲಿಂಗ್ ಫ್ಯಾನಿನಂತೆ ಚಪ್ಪಟೆ. ನೈಟ್ರೋಜನ್ ಮೇಲಿನ ಕಡ್ಡಿ ಇಲ್ಲದ ಮುಕ್ಕಾಲಿ.

ಅಲನಿನ್ ಕಟ್ಟುವ ಗುಂಪಿಗೆ ಬೇರೆ ಪಾಠ ಬೇಡ. ಗ್ಲೈಸಿನ್ನಿನ ಮೊದಲ ಕಾರ್ಬನ್ನಿನಲ್ಲಿರುವ ಎರಡು ಹೈಡ್ರೋಜನ್‌ಗಳಲ್ಲಿ ಒಂದನ್ನು ಕಿತ್ತು, ಆ ಜಾಗಕ್ಕೆ ಮೂರು ಹೈಡ್ರೋಜನ್ ಹೊತ್ತ ಒಂದು ಕಾರ್ಬನ್ ಇಡಲಿ. ಸೆರಿನ್ ಆದರೆ ಆ ಹೊಸ ಕಾರ್ಬನ್ನಿನ ಒಂದು ಹೈಡ್ರೋಜನ್ ಬದಲು ಆಕ್ಸಿಜನ್, ಅದರ ತುದಿಗೆ ಹೈಡ್ರೋಜನ್. ಅಮೈನೋ ಆಮ್ಲಗಳ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಜಾಗದಲ್ಲಿ ಏನು ಕೂತಿದೆ ಎಂಬುದರಲ್ಲೇ ಇದೆ. ಗ್ಲೈಸಿನ್ನಿನಲ್ಲಿ ಅಲ್ಲಿ ಕೂತಿರುವುದು ಒಂದು ಹೈಡ್ರೋಜನ್ ಮಾತ್ರ, ಅದಕ್ಕಿಂತ ಚಿಕ್ಕದು ಇರಲು ಸಾಧ್ಯವೇ ಇಲ್ಲ.

ಮುಗಿಸುವ ಮೊದಲು ಒಂದು ಕನ್ನಡಿ ತನ್ನಿ. ಗ್ಲೈಸಿನ್ನನ್ನೂ ಕನ್ನಡಿಯಲ್ಲಿ ಕಾಣುವಂತೆ ಕಟ್ಟಿದ ಇನ್ನೊಂದು ಗ್ಲೈಸಿನ್ನನ್ನೂ ತಿರುಗಿಸಿ ಪಕ್ಕದಲ್ಲಿಟ್ಟರೆ ಎರಡೂ ಒಂದೇ. ಅಲನಿನ್ ಹಾಗೆ ಹೊಂದುವುದಿಲ್ಲ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿದಂತಾಗುತ್ತದೆ. ಇಪ್ಪತ್ತರಲ್ಲಿ ಎಡ ಬಲ ಎಂಬ ಭೇದವಿಲ್ಲದ್ದು ಗ್ಲೈಸಿನ್ ಒಂದೇ.

ಒಣಗಲು ಇಡುವ ಮೊದಲು ಎರಡು ಕಡ್ಡಿಗಳನ್ನು ಮರೆಯಬಾರದು: ಕಾರ್ಬನ್ನಿಗೂ ಒಂಟಿ ಕಡ್ಡಿಯ ಆಕ್ಸಿಜನ್ನಿಗೂ ನಡುವಿನದು, ನೈಟ್ರೋಜನ್ನಿಗೂ ಅದರ ಒಂದು ಹೈಡ್ರೋಜನ್ನಿಗೂ ನಡುವಿನದು. ಇವೆರಡನ್ನು ಎಣ್ಣೆ ಸವರಿ ಚುಚ್ಚಿ. ಹಿಟ್ಟು ಒಣಗಿದಾಗ ಉಳಿದ ಕಡ್ಡಿಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಇವೆರಡು ಮಾತ್ರ ಎಳೆದರೆ ಬರಬೇಕು. ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿಯಿದ್ದು ಉಂಡೆ ಬಿರುಕು ಬಿಡುತ್ತದೆ.

ಮೂರನೇ ಪೀರಿಯಡ್: ಕೊಂಡಿ ಹಾಕುವುದು, ಬಣ್ಣ ನೋಡುವುದು

ಆರು ಗುಂಪೂ ಮಾದರಿ ಹಿಡಿದು ಸಾಲಾಗಿ ನಿಲ್ಲಲಿ: ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್. ಎಲ್ಲರ ನೈಟ್ರೋಜನ್ ತುದಿ ಎಡಕ್ಕೇ ಇರಬೇಕು. ಎಡಗಡೆಯವರು ತಮ್ಮ ಕಾರ್ಬನ್ನಿನಿಂದ ಆಕ್ಸಿಜನ್ ಹೈಡ್ರೋಜನ್ ಜೋಡಿಯನ್ನು ಕೀಳಲಿ, ಬಲಗಡೆಯವರು ನೈಟ್ರೋಜನ್ನಿನ ಒಂದು ಹೈಡ್ರೋಜನ್ ಕೀಳಲಿ. ಖಾಲಿಯಾದ ಕಾರ್ಬನ್ನನ್ನೂ ನೈಟ್ರೋಜನ್ನನ್ನೂ ಕಡ್ಡಿಯಿಂದ ಸೇರಿಸಿ. ಇದು ಪೆಪ್ಟೈಡ್ ಬಂಧ. ಕಿತ್ತ ತುಂಡುಗಳನ್ನು ಜೋಡಿಸಿದರೆ ಕೈಯಲ್ಲಿ ಉಳಿಯುವುದು ಒಂದು ಆಕ್ಸಿಜನ್, ಎರಡು ಹೈಡ್ರೋಜನ್: ಒಂದು ನೀರಿನ ಅಣು. ಆರು ಸೇರಿದಾಗ ಐದು ಬಂಧ, ಐದು ನೀರು. ಮೊದಲು 70 ಉಂಡೆ ಇದ್ದವು, ಸರಪಳಿಯಲ್ಲಿ ಈಗ 55.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ನೈಟ್ರೋಜನ್ನಿನ ಬದಲು ಪಕ್ಕದ ಕಾರ್ಬನ್ನಿನ ಹೈಡ್ರೋಜನ್ನನ್ನು ಎಳೆಯುವುದು. ಆ ಕಡ್ಡಿಗೆ ಎಣ್ಣೆ ಹಚ್ಚಿಲ್ಲವಾದ್ದರಿಂದ ಅದು ಬಿಗಿಯಾಗಿರುತ್ತದೆ, ಎಳೆದವರಿಗೇ ತಪ್ಪು ತಿಳಿಯುತ್ತದೆ.

ಈ ಆರರ ವರಸೆ ನಾವು ಕಟ್ಟಿದ್ದಲ್ಲ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿನ ರೇಷ್ಮೆಯಲ್ಲಿ, ಎಳೆಯ ಗಟ್ಟಿ ಭಾಗದಲ್ಲಿ, ಈ ವರಸೆಯೇ ಸೀರೆಯ ಅಂಚಿನ ಚಿತ್ತಾರದಂತೆ ಮರಳಿ ಮರಳಿ ಬರುತ್ತದೆ. ಒಂದು ಬಿಟ್ಟು ಒಂದು ಗ್ಲೈಸಿನ್ ಇರುವುದರಿಂದ ಸರಪಳಿಯ ಒಂದು ಮುಖದಲ್ಲಿ ಬರೀ ಹೈಡ್ರೋಜನ್‌ಗಳು, ಇನ್ನೊಂದು ಮುಖದಲ್ಲಿ ಅಲನಿನ್ ಸೆರಿನ್‌ಗಳ ಉಬ್ಬು. ಸರಪಳಿಗಳು ಪಕ್ಕಪಕ್ಕ ಸೇರಿ ಹಾಳೆಯಾಗುತ್ತವೆ, ಹಾಳೆಗಳು ಒಂದರ ಮೇಲೊಂದು ಕೂರುತ್ತವೆ. ಗ್ಲೈಸಿನ್ ಮುಖಗಳು ಎದುರಾದ ಕಡೆ ಹಾಳೆಗಳ ಅಂತರ ಸುಮಾರು 0.35 ನ್ಯಾನೋಮೀಟರ್, ಉಬ್ಬಿನ ಮುಖಗಳು ಎದುರಾದ ಕಡೆ ಸುಮಾರು 0.57. ಗ್ಲೈಸಿನ್ ಜಾಗದಲ್ಲಿ ದಪ್ಪನೆಯ ಅಮೈನೋ ಆಮ್ಲ ಇದ್ದಿದ್ದರೆ ಇಷ್ಟು ಒತ್ತಾಗಿ ಕೂರಲು ಆಗುತ್ತಿರಲಿಲ್ಲ. ಅಷ್ಟು ತೆಳ್ಳಗಿನ ಎಳೆ ಮಗ್ಗದ ಎಳೆತಕ್ಕೆ ತಾಳುವುದು ಈ ಒತ್ತಾದ ಜೋಡಣೆಯಿಂದ.

ಈಗ ಬಣ್ಣದ ಪರೀಕ್ಷೆ. ರೇಷ್ಮೆ ಎಳೆಯ ಒಳಗಿನ ಫೈಬ್ರೋಯಿನ್ ಎಂಬ ಪ್ರೋಟೀನು ನೀರಿಗೆ ಕರಗದು. ಆದರೆ ಅದರ ಮೇಲಿನ ಅಂಟು, ಸೆರಿಸಿನ್, ಅದೂ ಪ್ರೋಟೀನೇ, ಬಿಸಿನೀರಿಗೆ ಬಿಡುತ್ತದೆ. ಗೂಡಿನ ತೂಕದಲ್ಲಿ ಕಾಲು ಭಾಗದಷ್ಟು ಈ ಅಂಟೇ. ಸೆರಿನ್ ಎಂಬ ಹೆಸರೂ ರೇಷ್ಮೆಯಿಂದಲೇ ಹುಟ್ಟಿದ್ದು, 1865ರಲ್ಲಿ ಅದು ಮೊದಲು ಸಿಕ್ಕಿದ್ದು ಈ ಅಂಟಿನಲ್ಲಿ.

ಹಿಂದಿನ ದಿನವೇ 2 ಗ್ರಾಂ ಗೂಡನ್ನು ಸಣ್ಣಗೆ ಕತ್ತರಿಸಿ, ಸ್ಟೀಲ್ ಲೋಟದಲ್ಲಿ 50 ಮಿಲಿಲೀಟರ್ ನೀರು ಹಾಕಿ, ಮುಚ್ಚಿ, ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ ಸೋಸಿಡಿ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅಂಟು ಪೂರ್ತಿ ಬಿಡುವುದಿಲ್ಲ. ನೀರು ಹೆಚ್ಚು ಹಾಕಿದರೆ ದ್ರಾವಣ ತೆಳುವಾಗಿ ಬಣ್ಣ ಕಾಣುವುದಿಲ್ಲ. ಆರಿದ ಮೇಲೆ ಅದು ಲೋಳೆಯಂತೆ ಹೆಪ್ಪುಗಟ್ಟಿದರೆ ಕೆಟ್ಟಿದೆ ಎಂದು ಚೆಲ್ಲಬೇಡಿ, ಬಿಸಿನೀರಿನಲ್ಲಿ ಲೋಟ ಇಟ್ಟರೆ ಮತ್ತೆ ಕರಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಬಲು ಗಡಸು, ಕಾಸ್ಟಿಕ್ ಸೋಡಾ ಬಿದ್ದೊಡನೆ ಬೆಳ್ಳಗೆ ಕದಡುತ್ತದೆ. ಹೀಗಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ.

100 ಮಿಲಿಲೀಟರ್ ನೀರಿಗೆ 2 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ದ್ರಾವಣ ಒಂದು. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಕಾಸ್ಟಿಕ್ ಸೋಡಾ ಇನ್ನೊಂದು. ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಚೆನ್ನಾಗಿ ಕಾಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಇದನ್ನು ಶಿಕ್ಷಕರು ಕನ್ನಡಕ, ಕೈಗವಸು ಹಾಕಿಕೊಂಡು ಮಾಡಬೇಕು. ಹನಿ ಹಾಕುವುದೂ ಅವರೇ. ಬಿಸಿಯೂಟದ ಅಡುಗೆಮನೆಯ ಪಾತ್ರೆ ಯಾವುದನ್ನೂ ಇದಕ್ಕೆ ತರಬೇಡಿ.

ನಾಲ್ಕು ಪ್ರನಾಳದಲ್ಲಿ 2 ಮಿಲಿಲೀಟರಿನಂತೆ ಹಾಕಿ: ಬರೀ ನೀರು, ಗ್ಲೈಸಿನ್ ದ್ರಾವಣ (20 ಮಿಲಿಲೀಟರ್ ನೀರಿಗೆ 1 ಗ್ರಾಂ), ಗೂಡು ಬೇಯಿಸಿದ ನೀರು, ಹಸಿ ಮೊಟ್ಟೆಯ ಬಿಳಿಭಾಗವನ್ನು ನೀರಲ್ಲಿ ಕಲಸಿ ಸೋಸಿದ್ದು. ಪ್ರತಿಯೊಂದಕ್ಕೂ 10 ಹನಿ ಸೋಡಾ ದ್ರಾವಣ ಹಾಕಿ ಅಲುಗಾಡಿಸಿ, ಆಮೇಲೆ 2 ಹನಿ ಮೈಲುತುತ್ತ. ಐದು ನಿಮಿಷ ಬಿಟ್ಟು ಹಿಂದೆ ಬಿಳಿ ಹಾಳೆ ಹಿಡಿದು ನೋಡಿ.

ನೀರಿನಲ್ಲಿ ತಿಳಿನೀಲಿ ಗಷ್ಟು. ಮೊಟ್ಟೆಯಲ್ಲಿ ನೇರಳೆ. ಗೂಡಿನ ನೀರಿನಲ್ಲೂ ನೇರಳೆ, ತುಸು ಮಸುಕು. ಗ್ಲೈಸಿನ್ನಿನಲ್ಲಿ ಮಾತ್ರ ನೇರಳೆಯೂ ಇಲ್ಲ, ಗಷ್ಟೂ ಇಲ್ಲ, ತಿಳಿಯಾದ ನೀಲಿ. ಮಕ್ಕಳು ಇಲ್ಲಿ ಬೆರಗಾಗುತ್ತಾರೆ. "ಸಾರ್, ರೇಷ್ಮೆ ತುಂಬ ಗ್ಲೈಸಿನ್ ಅಂದ್ರಿ, ಬರೀ ಗ್ಲೈಸಿನ್ ಯಾಕೆ ನೇರಳೆ ಆಗ್ಲಿಲ್ಲ?" ಈ ಪ್ರಶ್ನೆ ಬರಲೆಂದೇ ಆ ಪ್ರನಾಳ ಇಟ್ಟಿರುವುದು. ಉತ್ತರವನ್ನು ಬಾಯಲ್ಲಿ ಹೇಳದೆ ಮಾದರಿ ತೋರಿಸಿ. ನೇರಳೆ ಬಣ್ಣ ಹುಟ್ಟುವುದು ತಾಮ್ರ ಪೆಪ್ಟೈಡ್ ಬಂಧಗಳನ್ನು ಹಿಡಿದುಕೊಂಡಾಗ, ಅದಕ್ಕೆ ಕನಿಷ್ಠ ಎರಡು ಬಂಧ ಬೇಕು. ಬಿಡಿ ಗ್ಲೈಸಿನ್ನಿನಲ್ಲಿ ಒಂದೂ ಇಲ್ಲ. ತಾಮ್ರವನ್ನು ಅದು ಬೇರೆ ರೀತಿ ಹಿಡಿದಿಡುತ್ತದೆ, ಹಾಗಾಗಿ ಗಷ್ಟು ಕಟ್ಟದೆ ನೀಲಿಯಾಗಿ ನಿಲ್ಲುತ್ತದೆ.

ಎಲ್ಲ ಪ್ರನಾಳವೂ ನೀಲಿಯಾದರೆ ಮೈಲುತುತ್ತ ಜಾಸ್ತಿ ಬಿದ್ದಿದೆ, ನೀಲಿಯ ಅಡಿಯಲ್ಲಿ ನೇರಳೆ ಮುಚ್ಚಿಹೋಗಿದೆ. ಹಸಿರು ಅಥವಾ ಕಂದು ಛಾಯೆ ಬಂದರೆ ಮೈಲುತುತ್ತದಲ್ಲಿ ಕಬ್ಬಿಣದ ಕಲಬೆರಕೆ ಇರಬಹುದು. ಬೋರ್ಡೋ ದ್ರಾವಣಕ್ಕೆಂದು ಅಡಿಕೆ ತೋಟದವರು ಕೊಳ್ಳುವ ಮೈಲುತುತ್ತ ಬಳಸಿದರೆ ಹೀಗಾದೀತು. ಪರೀಕ್ಷೆ ಮುಗಿದ ದ್ರಾವಣವನ್ನು ಚರಂಡಿಗೂ ಶಾಲೆಯ ಕೈತೋಟಕ್ಕೂ ಚೆಲ್ಲಬೇಡಿ. ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ವಿಷ ಎಂದು ಬರೆದು ಬೀಗದ ಕಪಾಟಿನಲ್ಲಿಡಿ.

ಮಕ್ಕಳು ಕೇಳುವ ಎರಡು ಮಾತು

"ಮಿಸ್, ಆಮ್ಲ ಅಂದ್ರೆ ಸುಡೋದಲ್ವಾ?" ಗ್ಲೈಸಿನ್ ನೀರಿಗೆ ನೀಲಿ ಲಿಟ್ಮಸ್ ಅದ್ದಿಸಿ ತೋರಿಸಿ, ಎದ್ದು ಕಾಣುವ ಬದಲಾವಣೆ ಇರದು. ಅಣುವಿನ ಒಂದು ತುದಿ ಆಮ್ಲ, ಇನ್ನೊಂದು ತುದಿ ಪ್ರತ್ಯಾಮ್ಲ. ನೀರಿನಲ್ಲಿ ಆಮ್ಲದ ತುದಿ ಬಿಟ್ಟುಕೊಟ್ಟ ಹೈಡ್ರೋಜನ್ ಅಯಾನನ್ನು ನೈಟ್ರೋಜನ್ ತುದಿ ಇಟ್ಟುಕೊಳ್ಳುತ್ತದೆ. ಹತ್ತನೇ ತರಗತಿಗೆ ಇಷ್ಟು ಸಾಕು.

ಗ್ಲೈಸಿನ್ ಅತ್ಯವಶ್ಯಕ ಅಮೈನೋ ಆಮ್ಲಗಳ ಪಟ್ಟಿಯಲ್ಲಿಲ್ಲ ಎಂದು ಓದಿದವರು, ಹಾಗಾದರೆ ಅದು ಮೈಗೆ ಬೇಡವೇ ಎನ್ನುತ್ತಾರೆ. ಬೇಕೇ ಬೇಕು. ಮೈ ಅದನ್ನು ಸೆರಿನ್ನಿನಿಂದ ತಾನೇ ಮಾಡಿಕೊಳ್ಳಬಲ್ಲದು, ಊಟದಿಂದಲೇ ಬರಬೇಕೆಂಬ ಹಟವಿಲ್ಲ, ಅಷ್ಟೇ ಆ ಮಾತಿನ ಅರ್ಥ. ಚರ್ಮ, ಮೂಳೆ, ಸ್ನಾಯುರಜ್ಜುಗಳ ಕೊಲಾಜೆನ್ನಿನಲ್ಲಿ ಪ್ರತಿ ಮೂರನೇ ಕೊಂಡಿ ಗ್ಲೈಸಿನ್. ಹುಟ್ಟಿನಿಂದಲೇ ಅಂಥ ಒಂದು ಜಾಗದಲ್ಲಿ ಬೇರೊಂದು ಕೂತುಬಿಟ್ಟರೆ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುವ ಕಾಯಿಲೆ ಬರಬಹುದು.

ಪಾಠ ಮುಗಿದ ಮೇಲೆ ಮಾದರಿ ಸರಪಳಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಡಿ, ಮಳೆಗಾಲದಲ್ಲಿ ಉಪ್ಪು ನೀರೆಳೆದು ಉಂಡೆ ಮೆತ್ತಗಾಗುವುದರಿಂದ ಜೊತೆಗೆ ಒಂದು ಹಿಡಿ ಅಕ್ಕಿಯ ಗಂಟು ಇರಲಿ. ಕೊಂಡಿ ಹಾಕುವಾಗ ಉದುರಿದ ಐದು ನೀರಿನ ಅಣುಗಳನ್ನೂ ಬಿಚ್ಚಿಸದೆ ಅದೇ ಪೆಟ್ಟಿಗೆಯಲ್ಲಿಡಿ. ಜೀರ್ಣಕ್ರಿಯೆಯ ಪಾಠ ಬಂದಾಗ ಸರಪಳಿ ಒಡೆಯಬೇಕು, ಆಗ ಒಂದೊಂದು ಬಂಧಕ್ಕೂ ಒಂದೊಂದು ನೀರನ್ನು ವಾಪಸು ಕೊಡಬೇಕಾಗುತ್ತದೆ.